ಒರೆಗೆ ಹಚ್ಚಿದ ಕತ್ತಿ: ಆದವಾನಿ ಸೀಮೆಯಿಂದ ಕಂಡ ಉಕ್ಕಿನ ಚರಿತ್ರೆ

ಕನ್ನಡದಲ್ಲಿ ‘ಒರೆ’ ಎಂಬ ಪದಕ್ಕೆ ಹಲವು ಅರ್ಥಗಳುಂಟು. ಕತ್ತಿಯನ್ನು ಇಡುವ ಕೋಶ ಒರೆ. ಚಿನ್ನವನ್ನು ಕಲ್ಲಿಗೆ ತಿಕ್ಕಿ ಅದರ ಗುಣವನ್ನು ನಿರ್ಣಯಿಸುವುದೂ ಒರೆ. ಆಯುಧವನ್ನು ಕಾಪಾಡುವುದಕ್ಕೂ ವಸ್ತುವನ್ನು ಪರೀಕ್ಷಿಸುವುದಕ್ಕೂ ನಮ್ಮ ಹಿರಿಯರ ಬಾಯಲ್ಲಿ ಒಂದೇ ಮಾತು ನಿಂತಿರುವುದು ವಿಚಾರಯೋಗ್ಯವಾಗಿದೆ. ಕತ್ತಿಯನ್ನು ಕೊಳ್ಳುವಾಗ ಅದನ್ನು ಒರೆಗೆ ಹಚ್ಚಬೇಕು, ಕೊಂಡ ಮೇಲೆ ಒರೆಯಲ್ಲಿ ಜೋಪಾನ ಮಾಡಬೇಕು. ಈ ಎರಡನ್ನೂ ಬಲ್ಲವನಿಗೆ ಸಾಧಾರಣ ಬೆಲೆಯ ಕತ್ತಿಯೂ ಕೈಬಿಡುವುದಿಲ್ಲ. ಇದೇ ಈ ಲೇಖನದ ಸಾರ.

ಈಚಿನ ವರ್ಷಗಳಲ್ಲಿ ನಮ್ಮ ತರುಣರಲ್ಲಿ ಕೆಲವರು ಕರಾಟೆ ಮೊದಲಾದ ವಿದ್ಯೆಗಳ ಜೊತೆಗೆ ಜಪಾನಿನ ಖಡ್ಗವಿದ್ಯೆಯಲ್ಲಿಯೂ ಆಸಕ್ತಿ ತಾಳುತ್ತಿದ್ದಾರೆ. ಸುತ್ತಿದ ಚಾಪೆಯನ್ನೋ ಬಾಳೆದಿಂಡನ್ನೋ ಒಂದೇ ಏಟಿಗೆ ಕತ್ತರಿಸುವ ಅಭ್ಯಾಸಕ್ಕೆ, ಕೈಗೆಟಕುವ ಬೆಲೆಯಲ್ಲಿ, ಆ ಮಾದರಿಯ ಕತ್ತಿ ಸಿಕ್ಕೀತೇ, ಸಿಕ್ಕರೆ ಅದು ಒಳ್ಳೆಯದೆಂದು ತಿಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹೊಸದೆಂದು ಅವರು ಭಾವಿಸಿರಬಹುದು. ಆದರೆ ತುಂಗಭದ್ರೆಯ ಈ ದಡದಲ್ಲಿಯೂ ಆ ದಡದಲ್ಲಿಯೂ ಶತಮಾನಗಳ ಕಾಲ ಸಾಮಾನ್ಯ ಸಿಪಾಯಿಯು ಕೇಳಿದ ಪ್ರಶ್ನೆಯೂ ಇದೇ ಆಗಿತ್ತು. ಆದ್ದರಿಂದ ಚರಿತ್ರೆಯ ದಾರಿಯಲ್ಲಿಯೇ ಉತ್ತರವನ್ನು ಹುಡುಕುವುದು ಉಚಿತವೆಂದು ನಾವು ತಿಳಿದಿದ್ದೇವೆ.

ಗಡಿನಾಡಿನ ಕೋಟೆ

ಶ್ರಾವಣ ಮಾಸದಲ್ಲಿ ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಗೆ ಕನ್ನಡ ಜಿಲ್ಲೆಗಳಿಂದ ಬರುವ ಭಕ್ತರಲ್ಲಿ ಅನೇಕರಿಗೆ ಆದವಾನಿಯ ಬೆಟ್ಟಗಳೂ ಕೋಟೆಯೂ ಪರಿಚಿತ. ವಿಜಯನಗರದ ಅರಸರಿಗೆ ಬಲವಾದ ಆಸರೆಯಾಗಿದ್ದ ಈ ದುರ್ಗವು, ತಾಳೀಕೋಟೆಯ ಯುದ್ಧದ ಅನಂತರ, 1568ರಲ್ಲಿ ಬಿಜಾಪುರದ ಅಲಿ ಆದಿಲಶಾಹನ ವಶವಾಯಿತು. ಮುಂದೆ ಸಿದ್ದಿ ಮಸೂದಖಾನನ ಆಡಳಿತ, ಆ ಬಳಿಕ ಔರಂಗಜೇಬನ ಸೇನೆಯ ಮುತ್ತಿಗೆ, ತರುವಾಯ ನಿಜಾಮನ ತಮ್ಮನಾದ ಬಸಾಲತ್ ಜಂಗನ ಜಹಗೀರು, 1786ರಲ್ಲಿ ಟಿಪ್ಪೂ ಸುಲ್ತಾನನ ದಾಳಿ, ಕೊನೆಗೆ 1800ರಲ್ಲಿ ಕಂಪನಿ ಸರಕಾರಕ್ಕೆ ಒಪ್ಪಿಸಿದ ದತ್ತ ಜಿಲ್ಲೆಗಳ ಭಾಗವಾಗಿ ಹಸ್ತಾಂತರ. ಹೀಗೆ ಕೈಯಿಂದ ಕೈಗೆ ಹೋದ ಸೀಮೆ ಇದು.

ಇಷ್ಟು ಸೇನೆಗಳು ಸುಳಿದಾಡಿದ ನಾಡಿನಲ್ಲಿ ಕತ್ತಿಯು ಅರಸರ ಆಭರಣ ಮಾತ್ರವಾಗಿರಲಿಲ್ಲ, ಹೊಟ್ಟೆಪಾಡಿನ ಸಾಧನವಾಗಿತ್ತು. ನಮ್ಮ ಹಳ್ಳಿಗಳ ಅಂಚಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ತುರುಗಳನ್ನು ಕಾಯಲು ಹೋಗಿ ಮಡಿದವನ ಕೈಯಲ್ಲಿಯೂ ಒಂದು ಕತ್ತಿಯಿರುತ್ತದೆ. ಅದಕ್ಕೆ ರತ್ನದ ಹಿಡಿಯಿರಲಿಲ್ಲ. ಅವನ ಊರಿನ ಕಮ್ಮಾರನ ಕೈಕೆಲಸವಾಗಿದ್ದಿರಲೂಬಹುದು. ಚರಿತ್ರೆಯ ಪುಸ್ತಕಗಳು ಅರಸರ ಖಡ್ಗಗಳನ್ನು ಮಾತ್ರ ವರ್ಣಿಸುತ್ತವೆ. ಟಿಪ್ಪೂವಿನ ಶಯನಾಗಾರದಲ್ಲಿ ದೊರೆತ ಖಡ್ಗವು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೂ ಮೀರಿ ಮಾರಾಟವಾಯಿತು. ನಮಗೆ ಇಲ್ಲಿ ಮುಖ್ಯವಾದುದು ಆ ಖಡ್ಗವಲ್ಲ, ಬಡ ಸವಾರನು ಕೊಂಡ ಕತ್ತಿ.

ಅರಸನ ಸಾಧನೆ, ಶಾಸ್ತ್ರದ ಲಕ್ಷಣ

ಆದರೂ ಅಭ್ಯಾಸದ ಮಾತು ಬಂದಾಗ ಒಬ್ಬ ಅರಸನನ್ನು ನೆನೆಯಲೇಬೇಕು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಗಾಗುವ ಮುನ್ನವೇ ರಾಯನು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಮಣ್ಣಿನಿಂದ ಮಾಡಿದ ಭಾರವಾದ ಗುಂಡುಗಳನ್ನು ಎತ್ತಿ, ಬಳಿಕ ಕತ್ತಿಯನ್ನು ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡುತ್ತಿದ್ದನು. ಅನಂತರ ಜಟ್ಟಿಯೊಡನೆ ಕುಸ್ತಿ, ಆಮೇಲೆ ಕುದುರೆ ಸವಾರಿ. ಸಾಮ್ರಾಜ್ಯದ ಒಡೆಯನಿಗೂ ನಿತ್ಯಾಭ್ಯಾಸ ತಪ್ಪಿರಲಿಲ್ಲ ಎಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು. ಅವನಿಗೂ ನಾಲ್ಕು ಶತಮಾನಗಳ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿನೋದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದ್ದನು.

ಕತ್ತಿಯ ಗುಣಾವಗುಣಗಳನ್ನು ಪರೀಕ್ಷಿಸುವ ಶಾಸ್ತ್ರವೂ ನಮ್ಮಲ್ಲಿ ಇತ್ತು. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಖಡ್ಗಲಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. 50 ಅಂಗುಲ ಉದ್ದದ ಖಡ್ಗ ಉತ್ತಮ, 25 ಅಂಗುಲದ್ದು ಕನಿಷ್ಠ ಎಂದು ಅಲ್ಲಿ ನಿರ್ಣಯಿಸಲಾಗಿದೆ. ಅಲಗಿನ ಮೇಲಿನ ಕಲೆಗಳು ಎಷ್ಟನೆಯ ಅಂಗುಲದಲ್ಲಿವೆ ಎಂಬುದರಿಂದ ಶುಭಾಶುಭಗಳನ್ನು ಹೇಳಿರುವುದನ್ನು ಇಂದು ನಾವು ನಂಬಬೇಕಾಗಿಲ್ಲ. ಆದರೆ ಅದರ ಹಿಂದಿರುವ ಅಭ್ಯಾಸ, ಅಂದರೆ ಅಲಗನ್ನು ಬುಡದಿಂದ ತುದಿಯವರೆಗೆ ಅಂಗುಲ ಅಂಗುಲವಾಗಿ ಕಣ್ಣಿಟ್ಟು ನೋಡುವುದು, ಇಂದಿಗೂ ಸರಿಯಾದದ್ದೇ. ‘ಅಗ್ನಿಪುರಾಣ’ವು ಬೇರೆ ಬೇರೆ ದೇಶಗಳ ಖಡ್ಗಗಳ ಗುಣವನ್ನು ಹೋಲಿಸುತ್ತದೆ, ಕಿರುಗೆಜ್ಜೆಯಂತೆ ಇಂಪಾಗಿ, ದೀರ್ಘವಾಗಿ ನಾದಗೊಡುವ ಕತ್ತಿಯೇ ಶ್ರೇಷ್ಠವೆನ್ನುತ್ತದೆ. ಮಡಕೆಯನ್ನು ಬೆರಳಿನಿಂದ ಬಾರಿಸಿ ಕೊಳ್ಳುವ ನಮ್ಮ ಗೃಹಿಣಿಯರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಒಳಗೆ ಬಿರುಕಿದ್ದರೆ ನಾದ ಒಡೆಯುತ್ತದೆ.

ಈ ಗ್ರಂಥಗಳಲ್ಲಿ ಇನ್ನೊಂದು ಕಟ್ಟಳೆಯಿದೆ. ಕಾರಣವಿಲ್ಲದೆ ಕತ್ತಿಯನ್ನು ಒರೆಯಿಂದ ಹಿರಿಯಬಾರದು. ಅದರಲ್ಲಿ ಮುಖ ನೋಡಿಕೊಳ್ಳಬಾರದು. ಅದರ ಬೆಲೆಯನ್ನು ಹೇಳಬಾರದು. ಹೊಳಪಿಗೂ ಬೆಲೆಗೂ ಮರುಳಾಗುವ ಮನುಷ್ಯಸ್ವಭಾವವನ್ನು ಬಲ್ಲವರೇ ಹೀಗೆ ಬರೆದಿರಬೇಕು.

ಉಕ್ಕು ಎಂಬ ನಮ್ಮ ಮಾತು

ಲಕ್ಷಣ ಎಷ್ಟಿದ್ದರೂ ಕತ್ತಿಯ ಜೀವ ಇರುವುದು ಅದರ ಉಕ್ಕಿನಲ್ಲಿ. ಈ ವಿಷಯದಲ್ಲಿ ದಕ್ಷಿಣ ಭಾರತವು ಜಗತ್ತಿಗೆ ಗುರುವಾಗಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಇಲ್ಲಿಯ ಕಮ್ಮಾರರ ವಿಧಾನವನ್ನು ವಿವರಿಸಿದ್ದಾನೆ. ಸಣ್ಣ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡನ್ನೂ, ತಂಗಡಿ ಗಿಡದ ಕಟ್ಟಿಗೆಯ ಚೂರುಗಳನ್ನೂ, ಹಸಿರೆಲೆಗಳನ್ನೂ ಇಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ಹಲವು ಮೂಸೆಗಳನ್ನು ಕುಲುಮೆಯಲ್ಲಿ ಒಟ್ಟಿಗೆ ಜೋಡಿಸಿ ತಿದಿಯೊತ್ತಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲವು ಕಬ್ಬಿಣದಲ್ಲಿ ಬೆರೆತು, ಕರಗಿ, ತಣಿದಾಗ ಉಕ್ಕಿನ ಪುಟ್ಟ ಗಟ್ಟಿ ದೊರೆಯುತ್ತಿತ್ತು. ನಮ್ಮ ಹೊಲಗಳ ಬದುವಿನಲ್ಲಿ ಹಳದಿ ಹೂ ಬಿಡುವ ಆ ತಂಗಡಿಯು ಇಂಥ ಕಾರ್ಯಕ್ಕೆ ಬಂದಿತ್ತೆಂದರೆ, ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯೇ ನೆನಪಾಗುತ್ತದೆ. ಈ ಉಕ್ಕಿನಿಂದ ಕತ್ತಿ ಮಾತ್ರವಲ್ಲ, ಕಲ್ಲುಕುಟಿಗರ ಉಳಿಗಳೂ ಆಗುತ್ತಿದ್ದವು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿಯು ವಾದ್ಯಗಳಿಗಾಗಿ ದೂರದೂರದ ನಾಡುಗಳಿಗೆ ಹೋಗುತ್ತಿತ್ತು.

ಈ ಗಟ್ಟಿಗಳನ್ನು ಹುಡುಕಿಕೊಂಡು ಹೊರದೇಶದ ವರ್ತಕರು ಬರುತ್ತಿದ್ದರು. ಗೋಲ್ಕೊಂಡ ಸೀಮೆಯ ಉಕ್ಕು ಪರ್ಷಿಯಾಕ್ಕೆ ಹೋಗುತ್ತಿದ್ದುದನ್ನು 17ನೆಯ ಶತಮಾನದಲ್ಲಿಯೇ ತವೆರ್ನಿಯೆ ಬರೆದಿದ್ದಾನೆ. 19ನೆಯ ಶತಮಾನದ ಆರಂಭದಲ್ಲಿ ಡಾಕ್ಟರ್ ವಾಯ್ಸಿಯು ಇಂದಿನ ನಿಜಾಮಾಬಾದ್ ಕಡೆಯ ಕೋನಸಮುದ್ರಂ ಗ್ರಾಮಕ್ಕೆ ಹೋದಾಗ, ಇಸ್ಫಹಾನಿನ ವರ್ತಕನೊಬ್ಬನು ಅಲ್ಲಿಯೇ ತಂಗಿ ಉಕ್ಕಿನ ಕೆಲಸದ ಮೇಲ್ವಿಚಾರಣೆ ಮಾಡುತ್ತಿದ್ದನು. ಸಾವಿರಾರು ಮೈಲಿಗಳಿಂದ ಬಂದವನೂ ಹೇಳಿಕೆಯ ಮಾತನ್ನು ನಂಬದೆ, ಕುಲುಮೆಯ ಪಕ್ಕದಲ್ಲಿ ನಿಂತು ನೋಡಿ ಕೊಳ್ಳುತ್ತಿದ್ದನು. ಕೊಳ್ಳುವವನ ಕರ್ತವ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಉಕ್ಕಿನ ಮಾದರಿಗಳು 1794ರ ಸುಮಾರಿಗೆ ಮುಂಬಯಿಯಿಂದ ಲಂಡನ್ನಿಗೆ ಹೋದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದನು. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆಯು ಚೂರಿ ಕತ್ತರಿಗಳ ತಯಾರಕನಾದ ಸ್ಟೋಡಾರ್ಟನೊಡನೆ ಕೂಡಿ ಇದೇ ಉಕ್ಕನ್ನು ಪರಿಶೋಧಿಸಿದನು. ಅವರೆಲ್ಲ ಅದನ್ನು ಕರೆದ ಹೆಸರು ‘ವೂಟ್ಜ್’. ಈ ವಿಚಿತ್ರ ಪದ ಎಲ್ಲಿಯದು? 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಹೇಳುವಂತೆ, ಅದು ಕನ್ನಡದ ‘ಉಕ್ಕು’ ಎಂಬುದನ್ನು ಬರೆಯುವಾಗಲೋ ಓದುವಾಗಲೋ ಆದ ತಪ್ಪಿನಿಂದ ಹುಟ್ಟಿರಬೇಕು. ತೆಲುಗಿನಲ್ಲಿಯೂ ಉಕ್ಕು ಉಕ್ಕೇ. ಎರಡು ಭಾಷೆಗಳನ್ನು ಆಡಿಕೊಂಡು ಬಾಳುವ ನಮ್ಮ ಸೀಮೆಯವರಿಗೆ ಈ ಪದದ ವಿಷಯದಲ್ಲಿ ಇಮ್ಮಡಿ ಅಭಿಮಾನ ಸಲ್ಲುತ್ತದೆ.

ಪರದೇಶದ ಅಲಗು, ನಮ್ಮ ಹಿಡಿ

ಇಷ್ಟು ಒಳ್ಳೆಯ ಉಕ್ಕು ಇದ್ದ ನಾಡಿನವರು ಹೊರಗಿನ ಕತ್ತಿಯನ್ನು ಕೊಳ್ಳುತ್ತಿರಲಿಲ್ಲವೇ? ಧಾರಾಳವಾಗಿ ಕೊಳ್ಳುತ್ತಿದ್ದರು. ಯುರೋಪಿನಿಂದ ಹಡಗುಗಳಲ್ಲಿ ಬಂದ ಉದ್ದನೆಯ ನೇರ ಅಲಗುಗಳಿಗೆ ದಖ್ಖಣದಲ್ಲಿ ನಮ್ಮ ಮಾದರಿಯ ಹಿಡಿಯನ್ನು ಕೂಡಿಸಿ ‘ಫಿರಂಗಿ’ ಎಂದು ಕರೆದರು. ಹೊರಗಿನದೆಂದು ತಿರಸ್ಕರಿಸಲೂ ಇಲ್ಲ, ಹೊರಗಿನದೆಂಬ ಮಾತ್ರಕ್ಕೆ ತಲೆಯ ಮೇಲೆ ಹೊತ್ತುಕೊಳ್ಳಲೂ ಇಲ್ಲ. ತಮ್ಮ ಕೈಗೆ ಹೊಂದುವಂತೆ ಮಾಡಿಕೊಂಡರು.

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ನಮ್ಮ ನೆರೆಯ ನಿಜಾಮನ ರಾಜ್ಯದಲ್ಲಿಯೇ ದೊರೆಯುತ್ತದೆ. ಬ್ರಿಟಿಷ್ ರಾವುತ ಪಡೆಯ ಕ್ಯಾಪ್ಟನ್ ನೋಲನ್ ಎಂಬವನು 1853ರಲ್ಲಿ ಅಶ್ವಸೈನ್ಯದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದನು. ನಿಜಾಮನ ಸವಾರರ ಕತ್ತಿಯ ಏಟಿನ ಪರಿಣಾಮವನ್ನು ಕೇಳಿ ಬೆರಗಾದ ಅವನು, ಅವರ ಕತ್ತಿಗಳು ಎಂಥವೆಂದು ವಿಚಾರಿಸಿದನು. ತಿಳಿದು ಬಂದದ್ದು ಇನ್ನೂ ಬೆರಗಿನ ಸಂಗತಿ. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಸೈನ್ಯವೇ ಹಳೆಯವೆಂದು ತೆಗೆದುಹಾಕಿದ ಅಲಗುಗಳು! ಇಲ್ಲಿಯ ಸವಾರರು ಅವಕ್ಕೆ ತಮ್ಮ ರೀತಿಯ ಹಿಡಿ ಹಾಕಿಸಿ, ಬುಡದಿಂದ ತುದಿಯವರೆಗೆ ಕ್ಷೌರದ ಕತ್ತಿಯಂತೆ ಹರಿತ ಮಾಡಿಸಿ, ಕಟ್ಟಿಗೆಯ ಒರೆಯಲ್ಲಿ ಇಟ್ಟಿದ್ದರು. ಕಾಳಗದಲ್ಲಿ ಹೊರತು ಹೊರಗೆ ತೆಗೆಯುತ್ತಿರಲಿಲ್ಲ. ಅದೇ ಅಲಗು ಇಂಗ್ಲಿಷ್ ಸಿಪಾಯಿಯ ಬಳಿ ಉಕ್ಕಿನ ಒರೆಯಲ್ಲಿ ತಿಕ್ಕಿ ತಿಕ್ಕಿ ಮೊಂಡಾಗುತ್ತಿತ್ತು. ಹೊಡೆಯುವ ವಿಧಾನವನ್ನು ಹೇಗೆ ಕಲಿಸುತ್ತೀರೆಂದು ಕೇಳಿದಾಗ, ಕಲಿಸುವುದೇನೂ ಇಲ್ಲ, ಹರಿತವಾದ ಕತ್ತಿ ಯಾರ ಕೈಯಲ್ಲಿದ್ದರೂ ಕತ್ತರಿಸುತ್ತದೆ ಎಂಬರ್ಥದ ಉತ್ತರ ಬಂದಿತು. ಅಗ್ಗದ, ಇನ್ನೊಬ್ಬರು ಬಿಸಾಡಿದ ಅಲಗು, ಹೊಸ ಹಿಡಿ, ಒಳ್ಳೆಯ ಸಾಣೆ, ಕಟ್ಟಿಗೆಯ ಒರೆ. ಬೆಲೆಯನ್ನು ಗುಣವು ಗೆದ್ದ ಬಗೆ ಇದು.

ಆರಿದ ಕುಲುಮೆ, ಆರದ ಕುಲುಮೆ

ಅಷ್ಟರಲ್ಲಿ ಕಾಲ ಬದಲಾಗಿತ್ತು. ದತ್ತ ಜಿಲ್ಲೆಗಳ ಕಲೆಕ್ಟರನಾಗಿ 1800ರಿಂದ 1807ರವರೆಗೆ ಇದ್ದ ಥಾಮಸ್ ಮನ್ರೋ ಈ ಸೀಮೆಯ ಪಾಳೆಯಗಾರರ ಬಲವನ್ನು ಮುರಿದನು. 1839ರಲ್ಲಿ ಕರ್ನೂಲಿನ ನವಾಬ ಗುಲಾಮ್ ರಸೂಲಖಾನನು ಕೋಟೆಯಲ್ಲಿ ಅಪಾರವಾದ ಆಯುಧಗಳನ್ನು ಗುಪ್ತವಾಗಿ ಕೂಡಿಟ್ಟಿದ್ದುದು ಬಯಲಾಗಿ, ಅವನ ರಾಜ್ಯವೇ ಹೋಯಿತು. 1878ರಲ್ಲಿ ಬ್ರಿಟಿಷರ ಆಯುಧ ಕಾಯಿದೆ ಬಂದಿತು. ಒಂದು ಕಡೆ ಕತ್ತಿಗೆ ಗಿರಾಕಿಯಿಲ್ಲ. ಇನ್ನೊಂದು ಕಡೆ ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣ. ಮತ್ತೊಂದು ಕಡೆ ಇದ್ದಿಲಿಗೆ ಬೇಕಾದ ಕಾಡಿನ ಮೇಲೆ ನಿರ್ಬಂಧ. ಮೂಸೆಯ ಉಕ್ಕಿನ ಕುಲುಮೆಗಳು ಒಂದೊಂದಾಗಿ ಆರಿಹೋದವು. ತಂದೆಯು ಮಗನಿಗೆ ಬಾಯಿಮಾತಿನಲ್ಲಿ ಕಲಿಸಿದ ವಿದ್ಯೆಯಾದ್ದರಿಂದ, ಕುಲುಮೆಯೊಡನೆ ವಿದ್ಯೆಯೂ ನಂದಿತು.

ಜಪಾನಿನಲ್ಲಿ ಏನಾಯಿತೆಂಬುದನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿಯೂ 1876ರಲ್ಲಿ, ನಮ್ಮ ಕಾಯಿದೆಗೆ ಎರಡೇ ವರ್ಷ ಮೊದಲು, ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ಸರಕಾರ ನಿಷೇಧಿಸಿತು. ಎರಡನೆಯ ಮಹಾಯುದ್ಧದ ಅನಂತರ ಕತ್ತಿಯ ತಯಾರಿಕೆಯೇ ನಿಂತಿತು. ಆದರೆ ಅವರು ವಿದ್ಯೆಯನ್ನು ಬಿಡಲಿಲ್ಲ. ಕಬ್ಬಿಣದ ಮರಳನ್ನು ಇದ್ದಿಲಿನೊಡನೆ ಉರಿಸಿ ಉಕ್ಕು ಮಾಡುವ ‘ತತಾರ’ ಎಂಬ ಕುಲುಮೆಯನ್ನು 1977ರಲ್ಲಿ ಮತ್ತೆ ಹೊತ್ತಿಸಿದರು. ಪರವಾನಗಿ ಪಡೆದ ಕಮ್ಮಾರರು ಗುರುಕುಲದ ಕ್ರಮದಲ್ಲಿ ಶಿಷ್ಯರನ್ನು ತಯಾರು ಮಾಡುತ್ತಿದ್ದಾರೆ. ಎದೋ ಕಾಲದಲ್ಲಿ ಯಮದ ಅಸಯೆಮೊನ್ ಎಂಬ ಮನೆತನವು ಕತ್ತಿಗಳನ್ನು ಕತ್ತರಿಸಿ ನೋಡಿ ಪರೀಕ್ಷಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡಿತ್ತು. ಅಂದು ಆ ಪರೀಕ್ಷೆ ಮರಣದಂಡನೆಗೆ ಗುರಿಯಾದವರ ಶವಗಳ ಮೇಲೆ ನಡೆಯುತ್ತಿದ್ದುದು ಭೀಕರ ಸಂಗತಿ. ಇಂದು ಅದು ‘ತಮೆಶಿಗಿರಿ’ ಎಂಬ ಹೆಸರಿನಲ್ಲಿ, ನೀರಿನಲ್ಲಿ ನೆನೆಸಿದ ಚಾಪೆಯ ಸುರುಳಿಯನ್ನೋ ಬಿದಿರನ್ನೋ ಕತ್ತರಿಸುವ ಶಿಸ್ತಿನ ಅಭ್ಯಾಸವಾಗಿದೆ. ನಮ್ಮ ಹುಡುಗರು ಕತ್ತಿಯೆಂದರೆ ಜಪಾನಿನತ್ತ ನೋಡುವುದು ಇದೇ ಕಾರಣಕ್ಕೆ. ವಿದ್ಯೆ ಎಲ್ಲಿ ಉಳಿದಿದೆಯೋ ಅಲ್ಲಿಗೆ ವಿದ್ಯಾರ್ಥಿ ಹೋಗುತ್ತಾನೆ.

ಕೊಳ್ಳುವವರು ನೋಡಬೇಕಾದದ್ದು

ಜಪಾನಿನ ಕಮ್ಮಾರನೇ ಮಾಡಿದ ಕತ್ತಿ ನಮ್ಮಂಥವರ ಕೈಗೆಟಕುವುದಲ್ಲ. ಮಾರುಕಟ್ಟೆಯಲ್ಲಿ ಸಾಧಾರಣ ಬೆಲೆಗೆ ದೊರೆಯುವವುಗಳಲ್ಲಿ ಬಹುಪಾಲು ಅದರ ಮಾದರಿಯವು. ಚೀನಾದ ಲಾಂಗ್‌ಚುವಾನ್ ಪಟ್ಟಣವು ಇವುಗಳಿಗೆ ಹೆಸರಾಗಿದೆ. ಅವುಗಳನ್ನು ನಮ್ಮ ಹಿರಿಯರ ಕ್ರಮದಲ್ಲಿಯೇ ಒರೆಗೆ ಹಚ್ಚಬಹುದು.

ಮೊದಲನೆಯದು ಉಕ್ಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ಕನ್ನಡಿಯಂತೆ ಹೊಳೆಯುವ, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಅಗ್ಗದ ಕತ್ತಿ ಗೋಡೆಯ ಅಲಂಕಾರಕ್ಕೆ ಮಾತ್ರ. ಉದ್ದನೆಯ ಅಲಗಾದಾಗ ಏಟಿಗೆ ಅದು ತುಂಡಾಗಬಹುದು. ‘ಐಯಾಯ್ತೊ’ ಎಂಬುದು ಸತು ಮತ್ತು ಅಲ್ಯೂಮಿನಿಯಂ ಮಿಶ್ರಲೋಹದ್ದು. ವರಸೆಯ ಅಭ್ಯಾಸಕ್ಕಷ್ಟೇ ಸಲ್ಲುತ್ತದೆ. ಕತ್ತರಿಸುವ ಅಭ್ಯಾಸಕ್ಕೆ ಇಂಗಾಲದ ಉಕ್ಕೇ ಬೇಕು. 1045, 1060, 1095 ಎಂದು ಮಾರುವವರು ಹೇಳುವ ಅಂಕೆಗಳ ಅರ್ಥ, ಉಕ್ಕಿನಲ್ಲಿ ಕ್ರಮವಾಗಿ ನೂರಕ್ಕೆ 0.45, 0.60, 0.95 ಭಾಗ ಇಂಗಾಲವಿದೆ ಎಂದು. ಇಂಗಾಲ ಹೆಚ್ಚಿದಷ್ಟೂ ಹರಿತ ನಿಲ್ಲುತ್ತದೆ, ಆದರೆ ಅಲಗು ಮುಕ್ಕಾಗುವ ಭಯವೂ ಹೆಚ್ಚು. ಕಲಿಯುವವನ ಏಟು ಓರೆಯಾಗಿ ಬೀಳುವುದು ಸಹಜವಾದ್ದರಿಂದ, ಅವನಿಗೆ ನಡುವಿನ 1060, ಇಲ್ಲವೇ ಬಾಗಿ ಮತ್ತೆ ನೇರವಾಗುವ ಸ್ಪ್ರಿಂಗ್ ಉಕ್ಕು ಮೇಲು.

ಎರಡನೆಯದು ಹದ. ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುವ ಕಮ್ಮಾರನನ್ನು ನಾವೆಲ್ಲ ಕಂಡಿದ್ದೇವೆ. ಜಪಾನಿನವರು ಬೆನ್ನಿಗೆ ದಪ್ಪವಾಗಿಯೂ ಬಾಯಿಗೆ ತೆಳುವಾಗಿಯೂ ಮಣ್ಣು ಮೆತ್ತಿ ಅದ್ದುತ್ತಾರೆ. ಬಾಯಿ ಬೇಗ ತಣಿದು ಗಡಸಾಗುತ್ತದೆ, ಬೆನ್ನು ಮೆತ್ತಗೆ ಉಳಿದು ಏಟನ್ನು ತಾಳುತ್ತದೆ. ಅಲಗಿನ ಮೇಲೆ ಕಾಣುವ ಬಿಳಿಯ ಅಲೆಯ ಗೆರೆ ಈ ಹದದ ಗುರುತು. ಅಗ್ಗದ ಕತ್ತಿಗಳಲ್ಲಿ ಆ ಗೆರೆಯನ್ನು ಆಮ್ಲದಿಂದಲೋ ಉಜ್ಜಿಯೋ ಬರೆದಿರುವುದುಂಟು. ಗೆರೆಗೆ ಹಣ ಕೊಡಬಾರದು, ಹದಕ್ಕೆ ಕೊಡಬೇಕು.

ಮೂರನೆಯದು ಹಿಡಿ. ನಿಜವಾದ ಅಪಾಯ ಇರುವುದು ಇಲ್ಲಿ. ಹಿಡಿಯೊಳಗೆ ಹೋಗುವ ಅಲಗಿನ ಬಾಲವು ಅಗಲವಾಗಿ, ಹಿಡಿಯ ಬಹುಭಾಗಕ್ಕೆ ಚಾಚಿರಬೇಕು. ಸಣ್ಣ ಕಂಬಿಯನ್ನು ಬೆಸುಗೆ ಹಾಕಿ ಸೇರಿಸಿದ್ದರೆ ಬೀಸಿದಾಗ ಅಲಗು ಹಾರಿಹೋಗುತ್ತದೆ. ನಮ್ಮ ಹಳೆಯ ಕತ್ತಿಗಳಲ್ಲಿ ಬಾಲವನ್ನು ಅರಗಿನಿಂದ ಬಿಗಿಯುತ್ತಿದ್ದರು. ಜಪಾನಿನ ಮಾದರಿಯಲ್ಲಿ ಬಿದಿರಿನ ಗೂಟ ಬಡಿಯುತ್ತಾರೆ. ಆ ಗೂಟವನ್ನು ತೆಗೆದು ಬಾಲವನ್ನು ನೋಡಲು ಮಾರುವವನು ಒಪ್ಪದಿದ್ದರೆ ಆ ಕತ್ತಿಯನ್ನು ಕೊಳ್ಳದಿರುವುದೇ ಲೇಸು. ಕೊಂಡ ಮೇಲೂ ಪ್ರತಿ ಅಭ್ಯಾಸದ ಮೊದಲು ಹಿಡಿ ಅಲುಗುತ್ತಿದೆಯೇ, ಗೂಟ ಬಿರಿದಿದೆಯೇ ಎಂದು ನೋಡಬೇಕು.

ಉಳಿದದ್ದು ಕೈಗೆ ಹೊಂದುವುದು. ಅಲಗು ಸಾಮಾನ್ಯವಾಗಿ 70 ಸೆಂಟಿಮೀಟರ್, ಒಟ್ಟು ತೂಕ ಒಂದು ಕಿಲೋ ಆಸುಪಾಸು. ಬುಡದಿಂದ ಕಣ್ಣು ಹಾಯಿಸಿದಾಗ ಅಲಗು ತಿರುಚಿರಬಾರದು. ಕಟ್ಟಿಗೆಯ ಒರೆಯಲ್ಲಿ ಸಡಿಲವಾಗಿ ಆಡಬಾರದು. ಕತ್ತರಿಸಿದ ಮೇಲೆ ಒದ್ದೆಯನ್ನು ಒರಸಿ ಎಣ್ಣೆ ಸವರಬೇಕು, ಏಕೆಂದರೆ ಬಾಳೆದಿಂಡಿನ ರಸ ಕ್ಷಣದಲ್ಲಿ ಉಕ್ಕಿಗೆ ಕಲೆ ಹಿಡಿಸುತ್ತದೆ. ಗುರುವಿಲ್ಲದೆ, ಜನರ ಮಧ್ಯೆ ಅಭ್ಯಾಸ ಮಾಡತಕ್ಕದ್ದಲ್ಲ. ಇನ್ನೊಂದು ಮಾತು: 1959ರ ಆಯುಧ ಕಾಯಿದೆ ಮತ್ತು ಅದರ ನಿಯಮಗಳು ಕತ್ತಿಯನ್ನೂ, 9 ಇಂಚಿಗಿಂತ ಉದ್ದನೆಯ ಅಲಗಿನ ಆಯುಧಗಳನ್ನೂ ತಮ್ಮ ವ್ಯಾಪ್ತಿಗೆ ತಂದಿವೆ, ಸರಕಾರ ಪ್ರಕಟಿಸಿದ ಪ್ರದೇಶಗಳಲ್ಲಿ ಪರವಾನಗಿ ಬೇಕು. ಕೊಳ್ಳುವ ಮೊದಲು ತಮ್ಮ ಠಾಣೆಯಲ್ಲಿ ವಿಚಾರಿಸುವುದು ವಿವೇಕಿಗಳ ಲಕ್ಷಣ.

ಉಳಿದ ಮಾತು

ಉಕ್ಕಿನ ಕುಲುಮೆಯ ರಹಸ್ಯವನ್ನು ಇಂದು ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಹುಡುಕುತ್ತಿದ್ದಾರೆ. ಬೆಂಗಳೂರಿನ ವಿದ್ವಾಂಸರಾದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ಈ ಉಕ್ಕಿನ ಬಗ್ಗೆ 2004ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಅಮೆರಿಕದ ವರ್ಹೋವೆನ್ ಮತ್ತು ಪೆಂಡ್ರೆ ಎಂಬವರು, ಆ ಅಲಗುಗಳ ನೀರಿನಲೆಯಂಥ ಚಿತ್ತಾರಕ್ಕೆ ಅದಿರಿನಲ್ಲಿದ್ದ ವನೇಡಿಯಂನಂಥ ಧಾತುಗಳ ಅಲ್ಪಾಂಶವೇ ಕಾರಣವೆಂದು ತೋರಿಸಿದ್ದಾರೆ. ಒಮ್ಮೆ ಬಿಟ್ಟುಕೊಟ್ಟ ವಿದ್ಯೆಯನ್ನು ಮರಳಿ ಪಡೆಯಲು ಇಷ್ಟು ಶ್ರಮ ಬೇಕಾಯಿತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಾವು ತೆಲುಗರೊಡನೆ ಸೋದರರಂತೆ ಬಾಳಿದ್ದೇವೆ. ಮನೆಯಲ್ಲಿ ಕನ್ನಡವನ್ನೂ ಉಳಿಸಿಕೊಂಡಿದ್ದೇವೆ. ಭಾಷೆಯೂ ಕುಲುಮೆಯ ವಿದ್ಯೆಯಂತೆಯೇ. ತಂದೆತಾಯಿಗಳು ಮಕ್ಕಳಿಗೆ ಕಲಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಕಾನೂನಿನಿಂದ ಕತ್ತಿ ಹೋಗಬಹುದು, ಗಡಿಯಿಂದ ತಾಲ್ಲೂಕು ಹೋಗಬಹುದು. ಕಲಿಸುವುದನ್ನು ನಿಲ್ಲಿಸದಿದ್ದರೆ ವಿದ್ಯೆ ಹೋಗುವುದಿಲ್ಲ ಎಂಬುದನ್ನು ಜಪಾನಿನವರು ತೋರಿಸಿಕೊಟ್ಟಿದ್ದಾರೆ.

ಆದ್ದರಿಂದ, ಕತ್ತಿಯನ್ನು ಕೊಳ್ಳಲು ಹೊರಟ ತರುಣರಿಗೆ ನಾವು ಬೇಡವೆನ್ನುವುದಿಲ್ಲ. ಕಾಯಿದೆಯನ್ನು ತಿಳಿದು, ಗುರುವನ್ನು ಹುಡುಕಿ, ಉಕ್ಕು, ಹದ, ಹಿಡಿಗಳನ್ನು ನೋಡಿ ಕೊಳ್ಳಲಿ. ಆಯುಧಪೂಜೆಯ ದಿನ ಆ ಕತ್ತಿಗೆ ಕುಂಕುಮವಿಡುವಾಗ, ಅದರ ಲೋಹಕ್ಕೆ ನಮ್ಮ ಮನೆಮಾತಿನಲ್ಲಿರುವ ಹೆಸರನ್ನು ತಮ್ಮ ತಮ್ಮಂದಿರಿಗೂ ತಂಗಿಯರಿಗೂ ಹೇಳಿಕೊಡಲಿ.